ಎರಡೂ ಅಲಗು ಒಂದೇ ಸಮ

– ಗ್ರೈಂಡರಿನ ಮುಂದೆ ಇದೇನು ಕಟ್ಟಿ ಕೂರಿಸಿದ್ದೀಯ? ಕಲ್ಲು ಮುಟ್ಟೋಕೇ ಜಾಗ ಇಲ್ಲ.

– ಡ್ರಿಲ್ ಸಾಣೆ ಹಿಡಿಯೋ ಜಿಗ್ಗು. ಬೆಸುಗೆಯೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಈ ಶೆಡ್ಡಿನಲ್ಲೇ ಆಯ್ತು. ನೀವು ಬಂದು ಬೈಯಲಿ ಅಂತಲೇ ಹೇಳಿಕಳಿಸಿದ್ದು.

– ಹಾಗಾದ್ರೆ ಈಗಲೇ ಶುರು ಮಾಡ್ತೀನಿ. ಎರಡು ಕೈ ಇರುವಾಗ ಇದು ಯಾಕೆ? ನಾನು ಅಪ್ರೆಂಟಿಸ್ ಆಗಿ ಟೂಲ್‌ರೂಮಿಗೆ ಕಾಲಿಟ್ಟಾಗ ಮೊದಲು ಕೈಗೆ ಕೊಟ್ಟದ್ದೇ ಮೊಂಡು ಡ್ರಿಲ್ಲುಗಳ ಡಬ್ಬಿ. ಜೊತೆಗೊಂದು ಗೇಜು. ಅದು ಬರೋ ತನಕ ಲೇತ್ ಹತ್ತಿರ ಸುಳಿಯೋ ಹಾಗಿರಲಿಲ್ಲ.

– ಸರಿ, ಕೈಯಲ್ಲಿ ನೀವು ಮಾಡೋದನ್ನ ಮಾತಿನಲ್ಲಿ ಹೇಳಿ ನೋಡೋಣ.

– ಹೇಳೋದೇನು? ಎಡಗೈ ಬೆರಳನ್ನ ಟೂಲ್ ರೆಸ್ಟಿನ ಮೇಲೆ ಊರು, ಅದರ ಮೇಲೆ ಡ್ರಿಲ್ ಇಡು. ಅಲಗು ಮಟ್ಟಸವಾಗಿ, ಕಲ್ಲಿನ ಮುಖಕ್ಕೆ ಸಮಾಂತರವಾಗಿರಲಿ. ಬಾಲ ಎಡಕ್ಕೆ, ಡ್ರಿಲ್ಲಿಗೂ ಕಲ್ಲಿಗೂ ನಡುವೆ 59 ಡಿಗ್ರಿ. ಅಲಗು ಮೊದಲು ಕಲ್ಲಿಗೆ ತಾಗಬೇಕು. ತಾಗಿದ ಮೇಲೆ ಬಲಗೈಯಲ್ಲಿ ಬಾಲ ಇಳಿಸ್ತಾ ಹೋಗು, ಹಿಂದಿನ ಭಾಗ ಇಳಿಜಾರಾಗಿ ಸವೆಯುತ್ತೆ. ಆಮೇಲೆ ತಿರುಗಿಸಿ ಇನ್ನೊಂದು ಕಡೆ. ಮುಗೀತು.

– ಮುಗೀತು ಅಂದ್ರಲ್ಲ, ಆ ಒಂದು ಉಸಿರಿನಲ್ಲಿ ಕೈ ಮೂರು ಲೆಕ್ಕ ಒಟ್ಟಿಗೆ ಇಡಬೇಕು. 59ರ ಕೋನ ಒಂದು. ಬಾಲ ಎಷ್ಟು ಇಳೀತು ಅನ್ನೋದು ಎರಡು. ಇಳಿಸುವಾಗ ಡ್ರಿಲ್ ತಾನೂ ತಿರುಗಿಬಿಡದ ಹಾಗೆ ತಡೆಯೋದು ಮೂರು. ಇಷ್ಟು ಮಾಡಿದ್ಮೇಲೆ ಎರಡನೇ ಅಲಗಿಗೆ ಅದನ್ನೇ ಚೂರೂ ಬದಲಾಗದೆ ಮತ್ತೆ ಮಾಡಬೇಕು.

– ಹೂಂ, ಹುಡುಗರು ಸೋಲೋದು ಅಲ್ಲೇ. ಒಂದು ಅಲಗು ಯಾರಿಗಾದರೂ ಬರುತ್ತೆ.

– ನಾನು ಹಿಡಿದದ್ದೂ ಅದನ್ನೇ. ಪುಸ್ತಕದಲ್ಲಿ 118 ಡಿಗ್ರಿ ಅಂತ ಬರೆದಿರುತ್ತೆ, ಎಲ್ಲರೂ ಅದರ ಹಿಂದೆ ಬೀಳ್ತಾರೆ. ನಿಜ ಹೇಳಿ, 116 ಆದರೆ ಏನಾಗುತ್ತೆ?

– ಏನೂ ಆಗಲ್ಲ. 118 ಸುಮ್ಮನೆ ಬಂದದ್ದಲ್ಲ ಅನ್ನೋದು ಬೇರೆ ಮಾತು. ಫ್ಲೂಟಿನ, ಅಂದ್ರೆ ಮೈಮೇಲಿನ ಸುರುಳಿ ತೋಡಿನ, ಬಾಗು ಇದೆಯಲ್ಲ, ಆ ಕೋನಕ್ಕೆ ಸಾಣೆ ಹಿಡಿದಾಗ ಅಲಗು ನೇರ ಗೆರೆಯಾಗಿ ಬರಲಿ ಅಂತ ಲೆಕ್ಕ ಹಾಕಿ ಕೊರೆದಿರ್ತಾರೆ. ಬಹಳ ಚೂಪು ಮಾಡಿದರೆ ಅಲಗು ಒಂದು ಕಡೆಗೆ ಬಾಗುತ್ತೆ, ಬಹಳ ಚಪ್ಪಟೆ ಮಾಡಿದರೆ ಇನ್ನೊಂದು ಕಡೆಗೆ. ಗಟ್ಟಿ ಉಕ್ಕಿಗೆ 135 ಇಡ್ತಾರೆ, ಅದಕ್ಕೆ ಫ್ಲೂಟನ್ನೇ ಬೇರೆ ಥರ ಮಾಡಿರ್ತಾರೆ. ಆದರೆ ಒಂದೆರಡು ಡಿಗ್ರಿ ಆಚೀಚೆ ಆದರೆ ಕಬ್ಬಿಣ ಕೇಳಲ್ಲ.

– ಅದೇ ಒಂದು ಅಲಗು 59, ಇನ್ನೊಂದು 57 ಆದರೆ?

– ಆಗ ಕೇಳುತ್ತೆ. ಒಂದೇ ಅಲಗು ಕೊರೆಯುತ್ತೆ, ಇನ್ನೊಂದು ಸುಮ್ಮನೆ ಸುತ್ತುತ್ತೆ. ಜೋಡೆತ್ತಿನಲ್ಲಿ ಒಂದೇ ಎಳೆದ ಹಾಗೆ. ಎಳೆಯೋದು ಬೇಗ ಸವೆಯುತ್ತೆ, ಗಾಡಿ ಓರೆಯಾಗುತ್ತೆ. ಕೋನ ಸರಿಯಿದ್ದು ಉದ್ದ ಹೆಚ್ಚುಕಮ್ಮಿ ಆದರೆ ಇನ್ನೊಂದು ಕಾಟ. ತುದಿ ನಡುವಿನಲ್ಲಿ ಇರಲ್ಲ, 10 ಮಿ.ಮೀ. ಡ್ರಿಲ್ ಹಾಕಿದ್ರೆ ತೂತು ಅದಕ್ಕಿಂತ ದೊಡ್ಡದಾಗುತ್ತೆ.

– ನೋಡಿ, ನನ್ನ ಜಿಗ್ಗಿನ ಹುಟ್ಟು ಅಲ್ಲೇ. ಇದಕ್ಕೆ 118 ಗೊತ್ತಿಲ್ಲ. ನಾನು ಜೋಡಿಸುವಾಗ ಒಂದು ಡಿಗ್ರಿ ತಪ್ಪಿದ್ದರೆ ಆ ತಪ್ಪನ್ನೇ ಎರಡೂ ಕಡೆ ಅಷ್ಟಕ್ಕಷ್ಟೇ ಮಾಡುತ್ತೆ. ಡ್ರಿಲ್ಲಿಗೆ ಬೇಕಾದ್ದು ಆ ಸರಿಸಮ, ಕರಾರುವಾಕ್ಕು ಆಮೇಲೆ.

– ಮಾತು ಪರವಾಗಿಲ್ಲ. ಈಗ ಕಬ್ಬಿಣ ತೋರಿಸು. ಇದು ತೂಗಾಡೋ ಜಾತಿಯೋ, ಜಾರೋ ಜಾತಿಯೋ?

– ಜಾರೋದು. ಅಂಗಡೀಲಿ ಸಿಗೋ ಅಗ್ಗದ ಜಿಗ್ಗು ತೂಗಾಡೋದೇ ಹೆಚ್ಚು. ಓರೆಯಾದ ಕೀಲಿನ ಮೇಲೆ ಡ್ರಿಲ್ ಅರ್ಧಚಂದ್ರಾಕಾರವಾಗಿ ಓಲಾಡುತ್ತೆ, ನಿಮ್ಮ ಕೈ ಮಾಡೋದನ್ನೇ ಮಾಡುತ್ತೆ. ಅದನ್ನೇ ಮನೇಲಿ ಮಾಡೋಣ ಅಂತ ಕಾಗದದ ಮೇಲೆ ಗೆರೆ ಎಳೆದೆ. ಡ್ರಿಲ್ಲಿನ ಅಕ್ಷಕ್ಕೆ ಕೀಲು 45 ಡಿಗ್ರಿ, ಕಲ್ಲಿಗೆ 14 ಡಿಗ್ರಿ ಇಟ್ಟರೆ ಕೂಡಿ 59. ಓಲಾಡಿದಾಗ ತುದಿಯ ಹಿಂಭಾಗ ಒಂದು ಶಂಕುವಿನ ಮೈಯಾಗುತ್ತೆ. ಅಲ್ಲೀತನಕ ಸರಿಯೇ.

– ಆ ಎರಡು ಅಕ್ಷ ಒಂದನ್ನೊಂದು ಸಂಧಿಸೋ ಹಾಗೆ ಎಳೆದೆಯಾ?

– ಎಳೆಯೋಕೆ ಹೊರಟಿದ್ದೆ.

– ಸಂಧಿಸಿದರೆ ಕೆಟ್ಟಿತು. ಎರಡೂ ಅಕ್ಷ ಒಂದೇ ಸಮತಲದಲ್ಲಿದ್ದರೆ ಅಲಗಿನ ಬುಡದಲ್ಲಿ ಇಳಿಜಾರು ಸೊನ್ನೆ. ಹಿಂದೆ ದೂರದಲ್ಲಿ ಇಳಿಯುತ್ತೆ, ಅಲಗಿನ ಪಕ್ಕದಲ್ಲೇ ಇಳಿಯಲ್ಲ. ಅಲಗು ಕಬ್ಬಿಣದ ಮೇಲೆ ಉಜ್ಜುತ್ತೆ ಹೊರತು ಕಚ್ಚಲ್ಲ. ಡ್ರಿಲ್ಲನ್ನ ಕೀಲಿನ ಅಕ್ಷದಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿರಬೇಕು. ಆ ಇಷ್ಟು ಅನ್ನೋದು ಡ್ರಿಲ್ಲಿನ ದಪ್ಪಕ್ಕೆ ತಕ್ಕ ಹಾಗೆ ಬದಲಾಗಬೇಕು. ಅಗ್ಗದ ಜಿಗ್ಗು ಕೊಂಡವರು ಒಂದೇ ಸೆಟ್ಟಿಂಗಿನಲ್ಲಿ ಎಲ್ಲ ಅಳತೆಗೂ ಉಜ್ಜಿ, ಆಮೇಲೆ ಮೂಲೆಗೆ ಎಸೆಯೋದು ಇದಕ್ಕೇ.

– ಅದಕ್ಕೇ ಶಂಕು ಬಿಟ್ಟೆ. ಅಲಗೊಂದಕ್ಕೆ ಎರಡು ಚಪ್ಪಟೆ ಮುಖ. ಮೊದಲನೇದು 10 ಡಿಗ್ರಿ ಇಳಿಜಾರು, ಅದರ ಹಿಂದಿನದು 28 ಡಿಗ್ರಿ. ಎರಡು ಅಲಗಿಗೆ ಒಟ್ಟು ನಾಲ್ಕು ಮುಖ. ಓಲಾಡೋದೂ ಇಲ್ಲ, ಕೀಲಿನ ಲೆಕ್ಕವೂ ಇಲ್ಲ.

– ನಾಲ್ಕು ಮುಖದ ತುದಿ ನಾನೂ ಕಂಡಿದ್ದೀನಿ, ವಾಚು ರಿಪೇರಿಯವರ ಹತ್ತಿರ. ಸಣ್ಣ ಡ್ರಿಲ್ಲಿಗೆ ಚೆನ್ನ. ದೊಡ್ಡದಕ್ಕೂ ಆಗುತ್ತಾ?

– ಆಗುತ್ತೆ, ಮೇಲಾಗಿ ಒಂದು ಲಾಭವೂ ಇದೆ. ನೀವು ಹಿಡಿದ ಡ್ರಿಲ್ಲಿನ ನಟ್ಟನಡುವೆ ಒಂದು ಗೀಟು ಇರುತ್ತಲ್ಲ, ಚಿಸೆಲ್ ಎಡ್ಜ್?

– ಅದು ಕೊರೆಯೋದೇ ಇಲ್ಲ. ಕಬ್ಬಿಣವನ್ನ ಒತ್ತಿ ಅರೆದು ಪಕ್ಕಕ್ಕೆ ತಳ್ಳುತ್ತೆ ಅಷ್ಟೇ. ಡ್ರಿಲ್ ಪ್ರೆಸ್ಸಿನ ಹ್ಯಾಂಡಲ್ ಮೇಲೆ ನಾವು ಹಾಕೋ ಬಲದಲ್ಲಿ ಅರ್ಧದಷ್ಟು ಅದೊಂದೇ ತಿನ್ನುತ್ತೆ. ಸೆಂಟರ್ ಪಂಚ್ ಹೊಡೆಯದೆ ಹೊರಟರೆ ತುದಿ ಅಡ್ಡಾಡೋದೂ ಅದರಿಂದಲೇ.

– ಹಿಂದಿನ ಎರಡು ಮುಖಗಳನ್ನ ಸರಿಯಾಗಿ ಡ್ರಿಲ್ಲಿನ ನಡುಗೆರೆಯ ತನಕ ತಂದು ನಿಲ್ಲಿಸಿದರೆ ನಾಲ್ಕೂ ಮುಖ ಒಂದೇ ಚುಕ್ಕಿಯಲ್ಲಿ ಸೇರುತ್ತವೆ. ಗೀಟಿನ ಜಾಗದಲ್ಲಿ ಮೊನೆ ಬರುತ್ತೆ. ಇಟ್ಟ ಜಾಗದಲ್ಲೇ ಕೂರುತ್ತೆ, ಅಡ್ಡಾಡಲ್ಲ.

– ನಡುಗೆರೆ ದಾಟಿದರೆ ಅಲಗನ್ನೇ ತಿಂದುಬಿಡುತ್ತೆ.

– ದಾಟಬಾರದು. ಭೂತಗನ್ನಡಿ ಹಿಡಿದು ನೋಡಬೇಕು. ಈಗ ಸಾಮಾನು ನೋಡಿ. ಇದು 25 ಮಿ.ಮೀ. ಎಂ.ಎಸ್. ಆ್ಯಂಗಲ್, ಡ್ರಿಲ್ ಮಲಗೋ ತೊಟ್ಟಿ.

– ಆ್ಯಂಗಲ್ ಯಾಕೆ? ನಾನಾಗಿದ್ದರೆ ಚೌಕದ ಸರಳು ತಗೊಂಡು ಉದ್ದಕ್ಕೆ ತೂತು ಕೊರೆದು, ಡ್ರಿಲ್ಲನ್ನ ಅದರೊಳಗೆ ಸ್ಕ್ರೂ ಹಾಕಿ ಬಿಗೀತಿದ್ದೆ. ಒಂದು ಅಲಗು ಆಯ್ತು, ಚೌಕವನ್ನ ಅಡಿಮೇಲು ಮಾಡಿ ಇಟ್ಟೆ, ಕರಾರುವಾಕ್ಕಾಗಿ 180 ಡಿಗ್ರಿ ತಿರುಗಿತು. ಕಣ್ಣಳತೆಯ ಮಾತೇ ಇಲ್ಲ.

– ಅದನ್ನ ಯೋಚಿಸಿದೆ. ಆ ತೂತು ಚೌಕದ ನಟ್ಟನಡುವೆ ಇರಬೇಕಲ್ಲ? 0.1 ಮಿ.ಮೀ. ಪಕ್ಕಕ್ಕೆ ಹೋಗಿದ್ದರೆ ಅಡಿಮೇಲು ಮಾಡಿದಾಗ ಅಂತರ 0.2 ಆಗುತ್ತೆ. ನಾಲ್ಕು ದವಡೆ ಚಕ್ಕಿನಲ್ಲಿ ಡಯಲ್ ಇಟ್ಟು ಸರಿಮಾಡೋ ಲೇತ್ ನನ್ನ ಹತ್ತಿರ ಇಲ್ಲ. ಆ್ಯಂಗಲ್ಲಿನಲ್ಲಿ ಆ ರಗಳೆಯೇ ಇಲ್ಲ. ಡ್ರಿಲ್ ತನ್ನ ದುಂಡು ಮೈಮೇಲೇ ಮಲಗುತ್ತೆ, ಎಷ್ಟು ಉರುಳಿಸಿದರೂ ಅಕ್ಷ ಅಲ್ಲೇ ಇರುತ್ತೆ. ತೊಟ್ಟಿ ಸೊಟ್ಟಗಿದ್ದರೂ ಎರಡೂ ಅಲಗಿಗೆ ಅದೇ ಸೊಟ್ಟ.

– ಹೂಂ. ಒಪ್ಪಿದೆ. ಆದರೆ ಆ್ಯಂಗಲ್ಲಿನ ಒಳಮೂಲೆ ಚೂಪಾಗಿರಲ್ಲ, ಕಾರ್ಖಾನೆಯಲ್ಲಿ ರೋಲ್ ಆಗುವಾಗಲೇ ದುಂಡಗೆ ಬಂದಿರುತ್ತೆ. ಸಣ್ಣ ಡ್ರಿಲ್ ಆ ದುಂಡಿನ ಮೇಲೆ ಕೂತು ಅಲ್ಲಾಡುತ್ತೆ.

– ಬೆರಳಾಡಿಸಿ ನೋಡಿ. ಮೂಲೆಯ ಉದ್ದಕ್ಕೂ ಹ್ಯಾಕ್ಸಾ ಆಡಿಸಿ ಒಂದು ಗೀರು ಹಾಕಿದ್ದೀನಿ. ಎರಡು ಗೋಡೆಗಳನ್ನ ಚಪ್ಪಟೆ ಅರದಿಂದ ತೀಡಿದೆ. ಈಗ 4 ಮಿ.ಮೀ. ಡ್ರಿಲ್ ಕೂಡ ಗೋಡೆಗೇ ಒರಗುತ್ತೆ.

– ಈ ಹ್ಯಾಕ್ಸಾ ಬ್ಲೇಡಿನ ತುಂಡು?

– ಅದು ನಾಲಿಗೆ. ತುದಿಯಿಂದ ತುಸು ಹಿಂದೆ ಫ್ಲೂಟಿನ ಅಂಚಿಗೆ ತಾಗುತ್ತೆ. ಡ್ರಿಲ್ಲನ್ನ ಉರುಳಿಸಿ ಅಂಚು ನಾಲಿಗೆಗೆ ಒರಗಿದರೆ ಅಲಗು ಮಟ್ಟಸ ಅಂತ ಅರ್ಥ. ಇನ್ನೊಂದು ಅಲಗಿಗೂ ಅದೇ ನಾಲಿಗೆ, ಅದೇ ಜಾಗ. ನನಗೆ ಬಹಳ ಹಿಡಿಸಿದ್ದು ಇದು: ಫ್ಲೂಟು ಸುರುಳಿಯಾಗಿದೆಯಲ್ಲ, ಸವೆದಂತೆ ಡ್ರಿಲ್ಲನ್ನ ಮುಂದೆ ತಳ್ಳಿದಾಗ ನಾಲಿಗೆಗೆ ಒರಗಿಕೊಂಡೇ ತಾನಾಗಿ ಬೇಕಾದಷ್ಟು ತಿರುಗುತ್ತೆ. ಪ್ರತಿ ಸಲ ಹೊಂದಿಸೋ ಕೆಲಸ ಇಲ್ಲ.

– ಅಳತೆ ಬದಲಾದರೆ?

– ಆಗ ನಾಲಿಗೆ ಏರಿಸಬೇಕು ಇಲ್ಲವೇ ಇಳಿಸಬೇಕು. ತೊಟ್ಟಿಯ ಮೂಲೆಯಿಂದ ಡ್ರಿಲ್ಲಿನ ನಡು ಎಷ್ಟು ಮೇಲಿರುತ್ತೆ ಅನ್ನೋದು ತ್ರಿಜ್ಯದ 1.414 ಪಟ್ಟು. 6 ಮಿ.ಮೀ. ಡ್ರಿಲ್ಲಿಗೆ 4.24, 10ಕ್ಕೆ 7.07. ಗೋಡೆಯ ಮೇಲೆ ಬರೆದು ಅಂಟಿಸಿದ್ದೀನಿ.

– ಹಿಂದಿನ ಸ್ಟಾಪು ಎಂ6 ಬೋಲ್ಟು. ಯಾಕೆ, ಎಂ8 ಸಿಗಲಿಲ್ವಾ?

– ಎಂ6ರ ಪಿಚ್ ಸರಿಯಾಗಿ 1 ಮಿ.ಮೀ. ಒಂದು ಸುತ್ತಿಗೆ ಒಂದು ಮಿಲಿಮೀಟರು, ಕಾಲು ಸುತ್ತಿಗೆ ಕಾಲು. ತಲೆ ಲೆಕ್ಕ ಸುಲಭ. ಎಂ8 ಆದರೆ 1.25. ಬೋಲ್ಟಿನ ತುದಿಯಲ್ಲಿ ಸೈಕಲ್ ಬೇರಿಂಗಿನ ಗುಂಡು ಅಂಟಿಸಿದ್ದೀನಿ, ನೋಡಿದ್ರಾ?

– ನೋಡಿದೆ. ಅದನ್ನ ಯಾರು ಹೇಳಿಕೊಟ್ಟರು?

– ಯಾರೂ ಇಲ್ಲ. ಡ್ರಿಲ್ಲಿನ ಬಾಲ ಯಾವತ್ತೂ ಲಂಬವಾಗಿ ಕತ್ತರಿಸಿರಲ್ಲ. ಚಪ್ಪಟೆ ಬೋಲ್ಟಿಗೆ ಒರಗಿಸಿದರೆ ತಿರುಗಿಸಿದಾಗ ಬಾಲದ ಉಬ್ಬು ಬೇರೆ ಕಡೆ ತಾಗಿ ಡ್ರಿಲ್ ಒಂದಿಷ್ಟು ಮುಂದೆ ಬರುತ್ತೆ. ಗುಂಡಾದರೆ ಬಾಲದ ನಡುವೆ ಒಂದೇ ಕಡೆ ತಾಗುತ್ತೆ.

– ಗುಂಡು ಡ್ರಿಲ್ಲಿನ ಅಕ್ಷದಲ್ಲೇ ಇದ್ದರೆ ಮಾತ್ರ. ಈಗ ತಾನೇ ಹೇಳಿದೆಯಲ್ಲ, ಅಳತೆ ಬದಲಾದರೆ ಅಕ್ಷ ಮೇಲೆ ಕೆಳಗೆ ಆಗುತ್ತೆ ಅಂತ. ಹಾಗಾದ್ರೆ ಗುಂಡೂ ಏರಬೇಕು.

– ... ಹೌದಲ್ಲ. ಬೋಲ್ಟು ಹಿಡಿದಿರೋ ಬ್ರಾಕೆಟ್ಟಿಗೂ ಉದ್ದ ಸೀಳು ಹಾಕಬೇಕು.

– ಹಾಕು. ಇಷ್ಟು ಹೊತ್ತು ಬೈಯೋದಕ್ಕೆ ಕಾರಣ ಹುಡುಕ್ತಿದ್ದೆ, ಈಗ ಸಮಾಧಾನ ಆಯ್ತು. 59 ಡಿಗ್ರಿ ಹೇಗೆ ಗುರುತು ಹಾಕಿದೆ? ಶಾಲೆ ಕಂಪಾಸ್ ಬಾಕ್ಸಿನ ಕೋನಮಾಪಕವೇ?

– ಅದನ್ನ ನಂಬೋದು ಯಾರು? ತಗಡಿನ ಮೇಲೆ ಪಕ್ಕಕ್ಕೆ 100 ಮಿ.ಮೀ., ಮೇಲಕ್ಕೆ 166.4 ಮಿ.ಮೀ. ಅಳೆದು ಓರೆಗೆರೆ ಎಳೆದೆ. ಅದೇ 59. ಜಿಗ್ಗಿನ ಟೇಬಲ್ಲಿನ ಇಳಿಜಾರಿಗೆ ಮರದ ಎರಡು ಬೆಣೆ ಕೊಯ್ದಿಟ್ಟಿದ್ದೀನಿ, 10 ಡಿಗ್ರಿಯದು 100ಕ್ಕೆ 17.6 ಏರುತ್ತೆ. ಬೆಣೆ ಒಳಗಿಟ್ಟು ನಟ್ಟು ಬಿಗಿದರೆ ಆಯ್ತು. ಫೋನಿನಲ್ಲೂ ಡಿಗ್ರಿ ತೋರಿಸುತ್ತೆ, ಆದರೆ ಸಾಣೆ ಧೂಳಿನ ಹತ್ತಿರ ಫೋನ್ ಇಡೋಕೆ ಮನಸ್ಸು ಬರಲಿಲ್ಲ.

– ಗೇಜು?

– ಒಂದೇ ಅಳತೆಯ ಎರಡು ನಟ್ಟು. ಮಗ್ಗುಲಿಗೆ ಮಗ್ಗುಲು ತಾಗಿಸಿ ಇಟ್ಟರೆ ಮೇಲೆ ನಡುವೆ ಒಂದು ಕಣಿವೆ ಆಗುತ್ತೆ. ಆರು ಮೂಲೆ ನಟ್ಟಿನ ಒಂದೊಂದು ಮೂಲೆ 120, ಎರಡು ಸೇರಿ 240, ಮಿಕ್ಕ ಕಣಿವೆ 120. ಡ್ರಿಲ್ ತುದಿಯನ್ನ ಅದರಲ್ಲಿಟ್ಟು ಬೆಳಕಿಗೆ ಹಿಡಿದರೆ ಎರಡೂ ಕಡೆ ಬೆಳಕಿನ ಎಳೆ ಸಮವಾಗಿ ಕಾಣಬೇಕು.

– ಅದು ಹಳೇ ಉಪಾಯ, ನಮ್ಮ ಕಾಲದ್ದು. ಸರಿ, ಕಲ್ಲಿನ ವಿಚಾರಕ್ಕೆ ಬಾ. ನಿನ್ನ ಜಿಗ್ಗಿಗಿಂತ ನನಗೆ ಅದರ ಚಿಂತೆ. ಇದಕ್ಕೆ ಯಾವ ಮುಖ ಬಳಸ್ತೀಯ, ಅಂಚೋ ಪಕ್ಕವೋ?

– ಅಂಚು. ತೊಟ್ಟಿ ಕೂತಿರೋ ಪ್ಲೇಟು ಈ ಪಟ್ಟಿಗೆ ಒರಗಿ ಕಲ್ಲಿನ ಅಗಲಕ್ಕೂ ಆಚೀಚೆ ಜಾರುತ್ತೆ.

– ಒಳ್ಳೇದು. ಅಂಗಡಿಯ ಜಿಗ್ಗಿನ ಚೀಟಿಯಲ್ಲಿ ಕಲ್ಲಿನ ಪಕ್ಕಕ್ಕೆ ಉಜ್ಜಿ ಅಂತ ಚಿತ್ರ ಹಾಕಿರ್ತಾರೆ. ಸಾದಾ ಚಕ್ರದ ಕಲ್ಲು ಪಕ್ಕದಿಂದ ಒತ್ತಿಸಿಕೊಳ್ಳೋಕೆ ಮಾಡಿದ್ದಲ್ಲ. ಪಕ್ಕ ಸವೆದು ತೆಳುವಾದರೆ ಸಿಡಿಯುತ್ತೆ. ಪಕ್ಕದಲ್ಲೇ ಉಜ್ಜಬೇಕು ಅಂದ್ರೆ ಬಟ್ಟಲಾಕಾರದ ಕಪ್ ವೀಲ್ ಬೇರೆ ಇದೆ.

– ಅಂಚು ದುಂಡಗಿದ್ದರೆ ಮುಖ ತಗ್ಗಾಗಲ್ವಾ ಅಂತ ಒಬ್ಬರು ಕೇಳಿದರು. 150 ಮಿ.ಮೀ. ಕಲ್ಲಿನಲ್ಲಿ 3 ಮಿ.ಮೀ. ಎತ್ತರದ ಮುಖಕ್ಕೆ ತಗ್ಗು 0.015 ಮಿ.ಮೀ. ಕೂದಲಿಗಿಂತ ಕಡಿಮೆ.

– ಆದರೆ ಅಂಚು ನೇರವಾಗಿರಬೇಕು. ಶೆಡ್ಡಿನ ಗ್ರೈಂಡರಿನಲ್ಲಿ ಮೊಳೆ, ಉಳಿ, ಅಡುಗೆಮನೆ ಚಾಕು ಎಲ್ಲವನ್ನೂ ನಡುವಿನಲ್ಲೇ ಒತ್ತಿ ಒತ್ತಿ ಹಳ್ಳ ಮಾಡಿರ್ತಾರೆ. ಹಳ್ಳ ಬಿದ್ದ ಕಲ್ಲಿನ ಮುಂದೆ ಎಂಥ ಜಿಗ್ ಇಟ್ಟರೂ ವ್ಯರ್ಥ. ನನ್ನ ಕೈ ಹಳ್ಳವನ್ನ ತಪ್ಪಿಸಿಕೊಂಡು ಪಕ್ಕದಲ್ಲಿ ಉಜ್ಜುತ್ತೆ, ನಿನ್ನ ಜಿಗ್ ತಪ್ಪಿಸಲ್ಲ.

– ಕಲ್ಲಿನ ಮುಖ ಸಮ ಮಾಡೋ ಡ್ರೆಸ್ಸರ್ ಇದೆ. ಡ್ರಿಲ್ಲಿಗೆ ಅಂತಲೇ ಒಂದು ಕಡೆಯ ಕಲ್ಲು ಮೀಸಲು. ಬಿಳಿ ಅಲ್ಯುಮಿನಿಯಂ ಆಕ್ಸೈಡ್, 80 ಗ್ರಿಟ್. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ತಂದದ್ದು.

– ತಂದ ಮೇಲೆ ತಟ್ಟಿ ನೋಡಿದೆಯಾ?

– ಬೆರಳಿಗೆ ನೇತುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದೆ. ಠಣ್ ಅಂತು.

– ದೊಪ್ ಅಂದಿದ್ದರೆ ಒಳಗೆ ಬಿರುಕು. ಅದನ್ನ ಮೋಟರಿಗೆ ಹಾಕಲೇಬಾರದು. ಇದು ನಿಮಿಷಕ್ಕೆ 2,850 ಸುತ್ತಿನ ಮೋಟರು. 150 ಮಿ.ಮೀ. ಕಲ್ಲಿನ ಅಂಚು ಸೆಕೆಂಡಿಗೆ 22 ಮೀಟರ್ ಓಡ್ತಿರುತ್ತೆ. ಹೊಸ ಕಲ್ಲು ಹಾಕಿ ಸ್ವಿಚ್ ಒತ್ತಿದ ಮೇಲೆ ಒಂದು ನಿಮಿಷ ಪಕ್ಕಕ್ಕೆ ನಿಂತಿರು, ಎದುರಿಗೆ ನಿಲ್ಲಬೇಡ. ಕಲ್ಲಿಗೂ ಟೇಬಲ್ಲಿಗೂ 3 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ, ಡ್ರಿಲ್ ತುದಿ ಒಳಗೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತೆ. ಕನ್ನಡಕ ಹಾಕು. ಕೈಗವಸು ಹಾಕಬೇಡ.

– ಹಾಕಲ್ಲ. ನೀರಿನ ವಿಚಾರ ಹೇಳಿ. ತುದಿ ಬಿಸಿಯಾದ ಕೂಡಲೇ ಡಬ್ಬಿಗೆ ಅದ್ದಬೇಕು ಅಂತ ಎಲ್ಲರೂ ಹೇಳ್ತಾರೆ.

– ಅದು ಕಾರ್ಬನ್ ಸ್ಟೀಲಿನ ಕಾಲದ ಬುದ್ಧಿ. ಆ ಉಕ್ಕು 200 ಡಿಗ್ರಿ ದಾಟಿದರೆ ಹದ ಕಳಕೊಳ್ಳೋಕೆ ಶುರು, ಮೈ ನೀಲಿಯಾಯ್ತು ಅಂದ್ರೆ ಸುಮಾರು 300, ಕೆಲಸ ಕೆಟ್ಟಿತು. ನಿನ್ನ ಡ್ರಿಲ್ಲಿನ ಮೇಲೆ ಎಚ್.ಎಸ್.ಎಸ್. ಅಂತ ಹೊಡೆದಿದೆಯಲ್ಲ, ಹೈಸ್ಪೀಡ್ ಸ್ಟೀಲು, ಅದು 550 ಡಿಗ್ರಿ ತನಕ ಜಗ್ಗಲ್ಲ. ತುದಿ ನೀಲಿಯಾದರೆ ಗಾಬರಿ ಬೇಡ. ಅದರ ಬದಲು, ಸುಡೋ ಡ್ರಿಲ್ಲನ್ನ ತಣ್ಣೀರಿಗೆ ಚುಯ್ ಅನ್ನಿಸಿದೆ ಅನ್ನು, ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ. ಕೊರೆಯುವಾಗ ಅಲಗು ಚೂರು ಚೂರಾಗಿ ಉದುರುತ್ತೆ. ಹಗುರವಾಗಿ ಉಜ್ಜು, ಗಾಳಿಗೆ ಬಿಡು.

– ಆ ಉಕ್ಕಿನ ಕಥೆ ನನಗೆ ಇಷ್ಟ. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ಟೇಲರ್ ಮತ್ತು ವೈಟ್ 1898ರಿಂದ ಮಾಡಿದ ಪ್ರಯೋಗದಿಂದ ಬಂದದ್ದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಲೇತಿಗೆ ಹಾಕಿ ತೋರಿಸಿದರಂತೆ, ಟೂಲಿನ ತುದಿ ಕೆಂಪಗೆ ಕಾದರೂ ಕೊರೀತಾನೇ ಇತ್ತು.

– ಯಾವ ಟೇಲರ್? ಸ್ಟಾಪ್‌ವಾಚ್ ಟೇಲರ್?

– ಅದೇ ಫ್ರೆಡರಿಕ್ ಟೇಲರ್. ಕೆಲಸಗಾರನ ಪಕ್ಕ ಗಡಿಯಾರ ಹಿಡಿದು ನಿಂತವನು. 1906ರಲ್ಲಿ ಲೋಹ ಕೊರೆಯೋ ಕಲೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಓದಿದ. 26 ವರ್ಷದ ಪ್ರಯೋಗ, ಪುಡಿ ಮಾಡಿದ ಕಬ್ಬಿಣ ಮತ್ತು ಉಕ್ಕೇ 8,00,000 ಪೌಂಡಿಗೂ ಹೆಚ್ಚು. ನಿಮಗೆ ಹೇಳಲೇಬೇಕಾದ್ದು ಬೇರೆ ಇದೆ. ಸಾಣೆ ಹಿಡಿಯೋದನ್ನ ಲೇತಿನವನ ಕೈಯಿಂದ ಕಿತ್ತುಕೊಂಡು ಒಂದು ಕೋಣೆಗೆ ಹಾಕಬೇಕು ಅಂತ ಪಟ್ಟು ಹಿಡಿದವನೂ ಅವನೇ. ಒಬ್ಬೊಬ್ಬ ತನಗೆ ತೋಚಿದ ಕೋನಕ್ಕೆ ಉಜ್ಜಿಕೊಂಡರೆ ವೇಗದ ಲೆಕ್ಕ ಕೂರಲ್ಲ ಅಂತ.

– ಅಲ್ಲಿಗೆ ಬಂತು ನೋಡು! ನಾನು ಇಷ್ಟು ಹೊತ್ತು ಬಾಯಿಬಿಟ್ಟು ಹೇಳಲಾರದೆ ಒದ್ದಾಡ್ತಿದ್ದದ್ದು ಅದನ್ನೇ. ನೀನು ಆ ಟೇಲರನ್ನ ನಿನ್ನ ಶೆಡ್ಡಿಗೇ ಕರೆದು ಕೂರಿಸಿದ್ದೀಯ. ಕೈಯನ್ನ ನಂಬದವನ ಯಂತ್ರ ಇದು.

– ಇಲ್ಲ, ಇದು ತಿರುಗುಮುರುಗು. ಟೇಲರ್ ಸಾಣೆಯನ್ನ ಕೆಲಸಗಾರನಿಂದ ದೂರ ಒಯ್ದ. ಈ ಜಿಗ್ ಅದನ್ನ ಕೆಲಸಗಾರನ ಮೇಜಿಗೆ ವಾಪಸ್ ತಂತು. ಮೊಂಡು ಡ್ರಿಲ್ ಇಟ್ಟುಕೊಂಡು ನಾನು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿಲ್ಲ.

– ನನ್ನ ಬಾಗಿಲಿಗೆ ಬರೋಕೆ ಕಷ್ಟ ಏನಿತ್ತು?

– ಕಷ್ಟ ಇರಲಿಲ್ಲ. ಆದರೆ ನಿಮಗೆ ಆ ಕೈ ಬರೋದಕ್ಕೆ ದಿನಕ್ಕೊಂದು ಡಬ್ಬಿ ಡ್ರಿಲ್ಲು ಸಿಗ್ತಿತ್ತು, ಹಾಳಾದರೆ ಕಾರ್ಖಾನೆಯದು. ನನ್ನಂಥವನಿಗೆ ತಿಂಗಳಿಗೆ ನಾಲ್ಕೈದು ಮೊಂಡಾಗುತ್ತೆ. ಅಷ್ಟರಲ್ಲಿ ಕೈ ಎಲ್ಲಿ ಪಳಗುತ್ತೆ? ದಿನವೂ ಮಾಡೋ ಕೆಲಸಕ್ಕೆ ಕೈ ಸರಿ. ಅಪರೂಪಕ್ಕೆ ಮಾಡೋ ಕೆಲಸಕ್ಕೆ ಜಿಗ್ಗೇ ಬೇಕು.

– ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ಕೇಳ್ತೀನಿ, ತಿಂಗಳಿಗೆ ನಾಲ್ಕೈದು ಯಾಕೆ ಮೊಂಡಾಗಬೇಕು? ಆ ಕೈ ಡ್ರಿಲ್ಲಿನಲ್ಲಿ ಪೂರಾ ವೇಗ ಕೊಟ್ಟು 10 ಮಿ.ಮೀ. ಕೊರೀತೀಯ ಅಲ್ವಾ?

– ಕೆಲವು ಸಲ.

– 2,800 ಸುತ್ತಿನಲ್ಲಿ 10ರ ಡ್ರಿಲ್ಲಿನ ಹೊರಮೂಲೆ ನಿಮಿಷಕ್ಕೆ 88 ಮೀಟರ್ ಓಡುತ್ತೆ. ಮೆತ್ತನೆ ಕಬ್ಬಿಣಕ್ಕೆ 25 ಸಾಕು. ಅಂದ್ರೆ 800 ಸುತ್ತು. 3 ಮಿ.ಮೀ. ಡ್ರಿಲ್ಲಿಗೆ 2,600 ಬೇಕಾಗುತ್ತೆ, ದಪ್ಪ ಆದಷ್ಟೂ ನಿಧಾನ. ಸ್ಟೇನ್‌ಲೆಸ್ ಆದರೆ ಇನ್ನೂ ಅರ್ಧಕ್ಕೆ ಇಳಿಸು, ಒತ್ತಡ ಬಿಡಬೇಡ. ಸುಮ್ಮನೆ ಉಜ್ಜಿದರೆ ಅದರ ಮೈ ಗಟ್ಟಿಯಾಗಿ ಡ್ರಿಲ್ಲನ್ನೇ ತಿನ್ನುತ್ತೆ. ಒಂದೆರಡು ಹನಿ ಎಣ್ಣೆ ಹಾಕು. ಅರ್ಧ ಸಾಣೆ ಅಲ್ಲೇ ಉಳಿಯುತ್ತೆ.

– ಸರಿ. ಈಗ ಇದನ್ನ ನೋಡಿ, ಜಿಗ್ಗಿನಲ್ಲಿ ಹಿಡಿದ 8 ಮಿ.ಮೀ. ಹೇಗಿದೆ?

– ಕೊಡು. ಅಲಗು ನೇರ ಇದೆ. ಇಳಿಜಾರೂ ಇದೆ. ಕಣ್ಣಿನ ತೀರ್ಪು ಬೇಡ, ಆ ಕಬ್ಬಿಣದ ಫ್ಲಾಟ್ ಪಟ್ಟಿ ಮೇಲೆ ಒಂದು ತೂತು ಹಾಕು... ನಿಧಾನ. ಹಾಂ, ಎರಡೂ ಫ್ಲೂಟಿನಿಂದ ಸುರುಳಿ ಬರ್ತಿದೆ. ದಪ್ಪವೂ ಒಂದೇ. ಬೇರೇನೂ ನೋಡಬೇಕಿಲ್ಲ.

– ಅಷ್ಟೇನಾ?

– ಅಷ್ಟೇ. ನಮ್ಮ ಫೋರ್‌ಮನ್ ಗೇಜಿಗಿಂತ ಸುರುಳಿ ನೋಡಿಯೇ ಪಾಸು ಫೇಲು ಮಾಡ್ತಿದ್ದ. ಆದರೆ ಇದರ ಹಿಂದಿನ ಮುಖ ಒಂದು ಕಡೆ ನಡುಗೆರೆ ಮುಟ್ಟಿಲ್ಲ, ಇಲ್ಲಿ ಸಣ್ಣ ಗೀಟು ಉಳಿದಿದೆ. ಇನ್ನೊಂದು ಕಾಲು ಸುತ್ತು ಬೇಕಿತ್ತು.

– ಭೂತಗನ್ನಡಿ ಇಲ್ಲದೇ ಕಂಡಿರಾ?

– ಬೆಳಕಿಗೆ ತಿರುಗಿಸಿದರೆ ಮಿಂಚುತ್ತೆ. ಇನ್ನು ನಿನ್ನ ಜಿಗ್ಗಿಗೆ ಬಾರದ್ದು ಹೇಳ್ತೀನಿ, ಬರ್ಕೋ. ಡ್ರಿಲ್ಲಿನ ನಡುವಿನ ತಿರುಳು, ವೆಬ್ಬು, ಬಾಲದ ಕಡೆಗೆ ಹೋದಂತೆ ದಪ್ಪ ಆಗ್ತಾ ಹೋಗುತ್ತೆ. ಅರ್ಧ ಸವೆದ ಡ್ರಿಲ್ಲಿನಲ್ಲಿ ಅದು ದಪ್ಪಗಾಗಿ ಎಷ್ಟು ಒತ್ತಿದರೂ ಒಳಗೆ ಇಳಿಯಲ್ಲ. ಆಗ ಕಲ್ಲಿನ ಮೂಲೆಯಲ್ಲಿ ಫ್ಲೂಟಿನ ಒಳಗಡೆಯಿಂದ ತಿರುಳನ್ನ ತೆಳು ಮಾಡಬೇಕು. ಅದು ಕೈ ಕೆಲಸ. ಇನ್ನೊಂದು ಹಿತ್ತಾಳೆ. ಹರಿತವಾದ ಡ್ರಿಲ್ ಹಿತ್ತಾಳೆಯನ್ನ ಕಚ್ಚಿ ಒಳಗೆ ಎಳಕೊಳ್ಳುತ್ತೆ, ಕೆಲಸವನ್ನೇ ಕಿತ್ತು ತಿರುಗಿಸಿಬಿಡುತ್ತೆ. ಅಲಗಿನ ಮುಂಭಾಗವನ್ನ ಸಾಣೆಕಡ್ಡಿಯಲ್ಲಿ ಒಂದೆರಡು ಸಲ ನೆಟ್ಟಗೆ ತೀಡಿ ಕಚ್ಚೋ ಕೋನ ಸೊನ್ನೆ ಮಾಡಬೇಕು.

– ಅದಕ್ಕೆ ಬೇರೆ ಡ್ರಿಲ್ಲೇ ಇಟ್ಟಿದ್ದೀನಿ, ಬಾಲಕ್ಕೆ ಹಳದಿ ಬಣ್ಣ ಹಚ್ಚಿ.

– ಗೋಡೆ ಕೊರೆಯೋ ಬಿಟ್?

– ಅದರ ತುದಿ ಕಾರ್ಬೈಡು. ಈ ಬಿಳಿ ಕಲ್ಲು ಅದಕ್ಕೆ ಆಗಲ್ಲ, ಹಸಿರು ಸಿಲಿಕಾನ್ ಕಾರ್ಬೈಡ್ ಬೇಕು. ಮನೆಯವರು ಅಂಥ ಬಿಟ್ಟುಗಳ ಡಬ್ಬಿಯನ್ನೂ ತಂದಿಟ್ಟಿದ್ದರು, ವಾಪಸ್ ಕಳಿಸಿದೆ. 3 ಮಿ.ಮೀ.ಗಿಂತ ಸಣ್ಣದನ್ನೂ ತಗೊಳ್ಳಲ್ಲ. ತೊಟ್ಟಿಯಿಂದ ಹೊರಗೆ ಚಾಚಿದ ಭಾಗ ಬಾಗುತ್ತೆ, ಅಲ್ಲದೆ ಹೊಸದೇ ಅಗ್ಗ.

– ದೊಡ್ಡದಕ್ಕೆ ಎಲ್ಲಿಯ ತನಕ?

– ಸದ್ಯಕ್ಕೆ 13.

– ನನ್ನ ಟ್ರಂಕಿನಲ್ಲಿ ಅರ್ಧ ಇಂಚಿನ ಟೇಪರ್ ಶ್ಯಾಂಕ್ ಒಂದಿಷ್ಟು ಬಿದ್ದಿವೆ. ಕೈ ನಡುಗೋಕೆ ಶುರುವಾದ ಮೇಲೆ ಅವನ್ನ ಮುಟ್ಟಿಲ್ಲ. ಬಾಲ ಮೋರ್ಸ್ ಟೇಪರು, ನಿನ್ನ ತೊಟ್ಟಿಯಲ್ಲಿ ಕೂರುತ್ತಾ?

– ಬಾಲ ಹೇಗಿದ್ದರೇನು, ಒರಗೋದು ಫ್ಲೂಟಿರೋ ಮೈ. ಬಾಲದ ತುದಿಯ ನಾಲಿಗೆ ಚಪ್ಪಟೆ ಇರೋದ್ರಿಂದ ಗುಂಡು ಸರಿಯಾಗಿ ನಡುವೆ ತಾಗಬೇಕು, ಅಷ್ಟೇ. ಉದ್ದ ಎಷ್ಟಿದೆ?

– ಒಂದು ಗೇಣಿನ ಹತ್ತಿರ.

– ಹಾಗಾದ್ರೆ ಸ್ಟಾಪಿನ ಬ್ರಾಕೆಟ್ಟು ಇನ್ನೂ ಎರಡು ಇಂಚು ಹಿಂದಕ್ಕೆ ಹೋಗಬೇಕು. ಹೇಗೂ ಅದನ್ನ ಬಿಚ್ಚಿ ಮೇಲೆ ಕೆಳಗೆ ಆಡೋ ಹಾಗೆ ಸೀಳು ಹಾಕಬೇಕಲ್ಲ, ಒಟ್ಟಿಗೇ ಮಾಡ್ತೀನಿ.

– ಭಾನುವಾರ ತರ್ತೀನಿ. ತಿರುಳು ತೆಳು ಮಾಡೋದನ್ನ ಅವುಗಳ ಮೇಲೇ ತೋರಿಸ್ತೀನಿ, ನೀನು ಹಿಡಿ, ನಾನು ಹೇಳ್ತೀನಿ. ಅಷ್ಟರಲ್ಲಿ ಆ ಕಲ್ಲಿನ ಮೂಲೆ ಚೂಪಾಗೋ ಹಾಗೆ ಡ್ರೆಸ್ ಮಾಡಿಟ್ಟಿರು.